ಇಳಿಯದೆ ಹೋಗುವ ಊರುಗಳು

ಶನಿವಾರ ಬೆಳಗಾದರೆ ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಬೆಂಗಳೂರು ಕಾರುಗಳ ಸಾಲು ಮುಗಿಯುವುದಿಲ್ಲ. ಬಿಳಿಕೆರೆ ದಾಟಿ, ಹುಣಸೂರಿನ ಪಕ್ಕದಲ್ಲೇ ಹಾದು, ಪಿರಿಯಾಪಟ್ಟಣದಲ್ಲಿ ವೇಗವನ್ನಷ್ಟೇ ತಗ್ಗಿಸಿ, ಬೈಲುಕುಪ್ಪೆಯ ಚಿನ್ನದ ದೇಗುಲದ ಮುಂದೆ ನಾಲ್ಕು ಫೋಟೊ ತೆಗೆಸಿಕೊಂಡು ಅವು ಕೊಡಗು ಸೇರುತ್ತವೆ. ಇನ್ನೊಂದು ದಾರಿ ಹಿಡಿದವರು ಹಂಪಾಪುರ, ಎಚ್.ಡಿ. ಕೋಟೆ ಹಾದು ಕಬಿನಿ ಹಿನ್ನೀರಿನ ರೆಸಾರ್ಟಿನಲ್ಲಿ ಇಳಿಯುತ್ತಾರೆ. ಕೆ.ಆರ್. ನಗರವೆಂದರೆ ಹಾಸನದ ರೈಲಿನಲ್ಲಿ ಕೂತವರಿಗೆ ಕಿಟಕಿಯಾಚೆಯ ಒಂದು ನಿಲ್ದಾಣ. ಮೈಸೂರು ಜಿಲ್ಲೆಯ ಪಶ್ಚಿಮದ ಈ ನಾಲ್ಕು ಊರುಗಳಿಗೂ ಪ್ರವಾಸಿಗರು ಗೊತ್ತು. ಪ್ರವಾಸಿಗರಿಗೆ ಮಾತ್ರ ಈ ಊರುಗಳು ಗೊತ್ತಿಲ್ಲ.

ನೋಡಲು ಏನಿದೆ ಅಲ್ಲಿ ಎಂದು ಯಾರಾದರೂ ಕೇಳಿದರೆ ಊರವರೂ ಸಾಮಾನ್ಯವಾಗಿ ಮೈಸೂರಿನ ಕಡೆಗೋ ಮಡಿಕೇರಿಯ ಕಡೆಗೋ ಕೈ ತೋರಿಸುತ್ತಾರೆ. ನಾಲ್ಕು ಊರಿನ ಆಸ್ತಿಯ ಪಟ್ಟಿಯನ್ನು ಒಮ್ಮೆ ಬರೆದು ನೋಡಿದರೆ ಆ ಕೈ ಹಾಗೆ ಏಳಲಾರದು. ಪಟ್ಟಿಗೆ ಮೊದಲು ದೂರದ ಒಂದು ಊರಿನ ಮಾತು.

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರದ ಲೂಯಿಸ್ ದ್ವೀಪದಲ್ಲಿ, ಸ್ಟಾರ್ನೊವೇ ಎಂಬ ಪುಟ್ಟ ಬಂದರು ಪಟ್ಟಣವಿದೆ. ಅಲ್ಲಿನ ಜನ ಹತ್ತು ಸಾವಿರವನ್ನೂ ಮುಟ್ಟುವುದಿಲ್ಲ. ನಮ್ಮ ಹುಣಸೂರು ಪಟ್ಟಣದಲ್ಲೇ 2011ರ ಜನಗಣತಿಯ ಹೊತ್ತಿಗೆ ಐವತ್ತು ಸಾವಿರದಷ್ಟು ಜನರಿದ್ದರು. ಆ ಊರಿಗೂ ನಮಗೂ ಒಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಸ್ಟಾರ್ನೊವೇಯಲ್ಲಿ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನೂ ಅವನೇ. ನೆಲ ಅಳೆಯುವುದರ ಜೊತೆಗೆ ಅವನ ಸಹಾಯಕರು ಊರೂರಿನ ಶಾನುಭೋಗರನ್ನು, ಹಿರಿಯರನ್ನು ಕೇಳಿ ಸ್ಥಳದ ಕಥೆಗಳನ್ನು ಬರೆದುಕೊಂಡರು. ಕಾವಲಿ ಸೋದರರಾದ ಬೊರಯ್ಯ, ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇಂಥವರ ದುಡಿಮೆ ಇಲ್ಲದಿದ್ದರೆ ಕೈಫಿಯತ್ತು ಎಂಬ ಆ ದಾಖಲೆಗಳ ರಾಶಿಯೇ ಇರುತ್ತಿರಲಿಲ್ಲ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು.

ಸ್ಟಾರ್ನೊವೇ ತನಗಿರುವುದನ್ನು ಹೇಗೆ ಹೇಳಿಕೊಳ್ಳುತ್ತದೆ ನೋಡಿ. ದ್ವೀಪದಲ್ಲಿ 1831ರಲ್ಲಿ ಸಿಕ್ಕ ಮಧ್ಯಕಾಲದ ಚದುರಂಗದ ಕಾಯಿಗಳು ಲೋಕಪ್ರಸಿದ್ಧ. ಅವುಗಳಲ್ಲಿ ಹೆಚ್ಚಿನವು ಲಂಡನ್ ಮತ್ತು ಎಡಿನ್‌ಬರೊ ಸೇರಿವೆ. ಊರಿನ ಕೋಟೆಮನೆಯ ಮಗ್ಗುಲಲ್ಲಿ 2016ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಇರುವುದು ಆರೇ ಕಾಯಿ, ಅವೂ ಬ್ರಿಟಿಷ್ ಮ್ಯೂಸಿಯಂ ಸಾಲವಾಗಿ ಕೊಟ್ಟವು. ಆ ಆರನ್ನು ನೋಡಲು ಜನ ಹಡಗು ಹತ್ತಿ ಹೋಗುತ್ತಾರೆ. ಮಾರನೆಯ ವರ್ಷ, 2017ರಲ್ಲಿ, ಅದೇ ಸಂಗ್ರಹಾಲಯ ಮೆಕೆಂಜಿಯ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸಿ ಅವನು ಭಾರತದಲ್ಲಿ ಕೂಡಿಹಾಕಿದ ವಸ್ತುಗಳನ್ನು ತರಿಸಿ ಊರವರಿಗೆ ತೋರಿಸಿತು. ಅಳೆದವನ ಕಥೆಯನ್ನು ಅವನ ಊರು ಹೇಳಿಕೊಂಡಿತು. ಅಳೆಸಿಕೊಂಡ ಊರುಗಳು ಇನ್ನೂ ಬಾಯಿ ಬಿಟ್ಟಿಲ್ಲ.

ಹೇಳಿಕೊಳ್ಳಲು ನಮ್ಮಲ್ಲಿ ಇರುವುದೇನು? ಮೊದಲು ನೆಲದ ಸ್ವರೂಪ ತಿಳಿಯಬೇಕು. ಪಶ್ಚಿಮಕ್ಕೆ ಕೊಡಗಿನ ಬೆಟ್ಟ, ದಕ್ಷಿಣಕ್ಕೆ ವಯನಾಡಿನ ಕಾಡು, ಪೂರ್ವಕ್ಕೆ ಮೈಸೂರಿನ ಬಯಲು. ಮಲೆ ಮುಗಿದು ಬಯಲು ಶುರುವಾಗುವ ಈ ಅಂಚಿನಲ್ಲಿ ಮೂರು ನದಿಗಳು ಹರಿಯುತ್ತವೆ. ಬಡಗಲಲ್ಲಿ ಕಾವೇರಿ, ನಡುವೆ ಲಕ್ಷ್ಮಣತೀರ್ಥ, ತೆಂಕಲಲ್ಲಿ ಕಬಿನಿ. ಹೊಳೆ ಇದ್ದಲ್ಲಿ ಕಟ್ಟೆ, ನಾಲೆ, ಗದ್ದೆ, ಗುಡಿ. ಗಡಿ ಇದ್ದಲ್ಲಿ ಕೋಟೆ, ಸೈನ್ಯ, ಎತ್ತು, ಗಾಡಿ. ನಾಲ್ಕು ತಾಲ್ಲೂಕಿನ ಪರಂಪರೆಯೆಲ್ಲ ಈ ಎರಡರಿಂದ ಹುಟ್ಟಿದ್ದು. ಸರಗೂರು ಮತ್ತು ಸಾಲಿಗ್ರಾಮ ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಇಲ್ಲಿ ಹಳೆಯ ಲೆಕ್ಕದಲ್ಲೇ ಹೇಳುತ್ತಿದ್ದೇನೆ.

ಕೆ.ಆರ್. ನಗರದಿಂದ ಆರಂಭಿಸೋಣ. ಇದು ವಯಸ್ಸಿನಲ್ಲಿ ಚಿಕ್ಕ ಊರು. ತಾಲ್ಲೂಕಿನ ಹಳೆಯ ಕೇಂದ್ರ ಕಾವೇರಿ ದಂಡೆಯ ಎಡತೊರೆ. 1924ರ ಮಹಾಪ್ರವಾಹದಲ್ಲಿ ಎಡತೊರೆ ತತ್ತರಿಸಿತು. ದಿಣ್ಣೆಯ ಮೇಲೆ ಹೊಸ ಪಟ್ಟಣ ಕಟ್ಟಿ, ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ನೇರವಾದ ಅಗಲ ಬೀದಿಗಳನ್ನು ನೋಡಿದರೆ ಇದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಬರೆದು ಕಟ್ಟಿದ ಊರು ಎಂದು ತಿಳಿಯುತ್ತದೆ. ಎಡತೊರೆಯ ಅರ್ಕೇಶ್ವರ ದೇವಾಲಯ ಮಾತ್ರ ಇದ್ದಲ್ಲೇ ಉಳಿಯಿತು. ಪ್ರವಾಹ ಬಂದಾಗ ಒಂದು ಊರನ್ನು ಎತ್ತಿ ಬೇರೆಡೆ ಇಡುವುದು ಹೇಗೆ ಎಂಬುದಕ್ಕೆ ನೂರು ವರ್ಷ ಹಿಂದಿನ ಉದಾಹರಣೆ ಇಲ್ಲಿದೆ. ಪ್ರತಿ ಮಳೆಗಾಲದಲ್ಲೂ ಪುನರ್ವಸತಿಯ ಮಾತಾಡುವ ನಾವು ಅದನ್ನು ಓದಿ ನೋಡಿದ್ದು ಕಡಿಮೆ.

ಅಲ್ಲಿಂದ ಹದಿನೈದು ಕಿಲೊಮೀಟರಿನಷ್ಟು ಹೋದರೆ ಚುಂಚನಕಟ್ಟೆ. ಕಾವೇರಿ ಬಂಡೆಗಳ ನಡುವೆ ಸೀಳಿಕೊಂಡು ಅರವತ್ತು ಅಡಿಯಷ್ಟು ಕೆಳಕ್ಕೆ ಧುಮುಕುತ್ತದೆ. ಚುಂಚ, ಚುಂಚಿ ಎಂಬ ಕಾಡಿನ ದಂಪತಿ ವನವಾಸದ ರಾಮನಿಗೆ ಆತಿಥ್ಯ ಕೊಟ್ಟರು ಎಂಬುದು ಸ್ಥಳದ ಕಥೆ. ಇಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ನಿಂತಿರುವುದು ರಾಮನ ಬಲಗಡೆಗೆ. ಹೊರಗೆ ಭೋರ್ಗರೆಯುವ ಜಲಪಾತದ ಸದ್ದು ಗರ್ಭಗುಡಿಯೊಳಗೆ ಕೇಳುವುದಿಲ್ಲ ಎಂದು ಭಕ್ತರು ಹೇಳುತ್ತಾರೆ. ಹೋದವರು ಕಿವಿಗೊಟ್ಟು ನೋಡಲಿ. ಜಲಪಾತದ ಫೋಟೊ ತೆಗೆದವರು ಗಮನಿಸದೆ ಬರುವುದು ಅದರ ಮೇಲ್ಗಡೆಯ ಕಟ್ಟೆಯನ್ನು. ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಿ, ನೀರಿನ ಮಟ್ಟವನ್ನು ತುಸು ಎತ್ತರಿಸಿ, ಪಕ್ಕದ ನಾಲೆಗೆ ತಿರುಗಿಸುವುದು ಮೈಸೂರು ಸೀಮೆಯ ಹಳೆಯ ಜಾಣ್ಮೆ. ದೊಡ್ಡ ಜಲಾಶಯದಂತೆ ಇದು ಹೊಳೆಯನ್ನು ತಡೆದು ನಿಲ್ಲಿಸುವುದಿಲ್ಲ. ಬೇಕಾದಷ್ಟು ನೀರು ನಾಲೆಗೆ, ಹೆಚ್ಚಿದ್ದು ಕಟ್ಟೆಯ ತಲೆಯ ಮೇಲಿಂದ ಹೊಳೆಗೆ. ಊರು ಮುಳುಗುವ ಮಾತೇ ಇಲ್ಲ. ಇಳಿಜಾರನ್ನು ಅಂದಾಜು ಮಾಡಿ ಮೈಲುಗಟ್ಟಲೆ ನಾಲೆ ತೆಗೆದವರ ಹೆಸರು ನಮಗೆ ಗೊತ್ತಿಲ್ಲ. ಈ ತಾಲ್ಲೂಕು ಭತ್ತದ ಕಣಜ ಎನಿಸಿಕೊಂಡಿದ್ದು ಅವರಿಂದ. ಲಕ್ಷ್ಮಣತೀರ್ಥದ ಹನಗೋಡು, ಕಟ್ಟೆಮಳಲವಾಡಿಯ ಕಟ್ಟೆಗಳೂ ಇದೇ ಕುಲದವು. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ಸೇರುವ ದನಗಳ ಜಾತ್ರೆಗೆ ರೈತರು ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ತರುತ್ತಾರೆ. ಎತ್ತುಗಳ ಕಥೆ ಹುಣಸೂರಿನಲ್ಲಿ ಮತ್ತೆ ಸಿಗುತ್ತದೆ.

ಚುಂಚನಕಟ್ಟೆಗೆ ಹೋದವರು ಅದೇ ಸುತ್ತಿನ ಚಿಕ್ಕ ಹನಸೋಗೆಗೂ ಹೋಗಬೇಕು. ಶಾಸನಗಳು ಪನಸೋಗೆ ಎಂದು ಕರೆಯುವ ಈ ಊರು ಒಂದು ಕಾಲದ ದೊಡ್ಡ ಜೈನ ಕೇಂದ್ರ. ಅರವತ್ತನಾಲ್ಕು ಬಸದಿಗಳಿದ್ದವೆಂದೂ ಮೊದಲು ಕಟ್ಟಿಸಿದವನು ಸಾಕ್ಷಾತ್ ಶ್ರೀರಾಮನೆಂದೂ ಶಾಸನಗಳು ಹೇಳಿಕೊಳ್ಳುತ್ತವೆ. ಈಗ ಉಳಿದಿರುವ ಮುಖ್ಯ ಕಟ್ಟಡ ಮೂರು ಗರ್ಭಗುಡಿಗಳ ಆದಿನಾಥ ಬಸದಿ, ಹನ್ನೊಂದನೆಯ ಶತಮಾನದ್ದು. ಇಲ್ಲಿನ ಗುರುಪರಂಪರೆಯ ಒಂದು ಕವಲು ಘಟ್ಟ ಇಳಿದು ಕಾರ್ಕಳದಲ್ಲಿ ನೆಲೆಸಿತು. 1432ರಲ್ಲಿ ವೀರಪಾಂಡ್ಯ ಕಾರ್ಕಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ್ದು ಪನಸೋಗೆಯ ಲಲಿತಕೀರ್ತಿ ಮುನಿಯ ಪ್ರೇರಣೆಯಿಂದ. ಕಾರ್ಕಳಕ್ಕೆ ಹೋಗುವ ಸಾವಿರಾರು ಜನರಲ್ಲಿ ಆ ಮೂರ್ತಿಯ ಬೇರು ಕೆ.ಆರ್. ನಗರದ ಗದ್ದೆಗಳ ನಡುವೆ ಇದೆ ಎಂದು ಎಷ್ಟು ಮಂದಿಗೆ ಗೊತ್ತು?

ಜೈನರಷ್ಟೇ ಅಲ್ಲ, ಈ ದಂಡೆಯಲ್ಲಿ ಎಲ್ಲ ಮತಗಳೂ ನೀರು ಕುಡಿದಿವೆ. ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರು ಮೇಲುಕೋಟೆಗೆ ಮೊದಲು ತಂಗಿದ್ದ ಊರು ಸಾಲಿಗ್ರಾಮ. ಅವರ ನೆಚ್ಚಿನ ಶಿಷ್ಯ ವಡುಗ ನಂಬಿ ಇಲ್ಲಿಯವನು. ಕೃಷ್ಣರಾಜಸಾಗರದ ಹಿನ್ನೀರಿನ ಅಂಚಿನ ಕಪ್ಪಡಿಯಲ್ಲಿ ಮಂಟೇಸ್ವಾಮಿಯ ಶಿಶುಮಗ ರಾಚಪ್ಪಾಜಿ ಮತ್ತು ಚನ್ನಾಜಮ್ಮನ ಗದ್ದುಗೆಗಳಿವೆ. ಶಿವರಾತ್ರಿಗೆ ಶುರುವಾಗುವ ಕಪ್ಪಡಿ ಜಾತ್ರೆಗೆ ಒಕ್ಕಲುಗಳು ಗಾಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬಂದು ಬಿಡಾರ ಹೂಡುತ್ತಾರೆ. ತಂಬೂರಿ ಹಿಡಿದ ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುತ್ತಾರೆ. ವಿಶ್ವವಿದ್ಯಾಲಯಗಳು ಸಂಪುಟ ತಂದಿರುವ ಮಹಾಕಾವ್ಯವೊಂದು ಇಲ್ಲಿ ಬಯಲಲ್ಲಿ, ಪುಕ್ಕಟೆಯಾಗಿ, ಅದನ್ನು ನಂಬಿದವರ ಬಾಯಲ್ಲೇ ಕೇಳಲು ಸಿಗುತ್ತದೆ.

ಪಿರಿಯಾಪಟ್ಟಣದ್ದು ಕೋಟೆಯ ಕಥೆ. ಚೋಳರು, ಹೊಯ್ಸಳರು, ವಿಜಯನಗರದವರು ಎಂದು ಒಬ್ಬರಾದ ಮೇಲೊಬ್ಬರಿಗೆ ತಲೆಬಾಗುತ್ತಲೇ ತಮ್ಮ ನೆಲ ಉಳಿಸಿಕೊಂಡ ಚಂಗಾಳ್ವರು ಈ ಭಾಗವನ್ನು ಆರು ನೂರು ವರ್ಷಗಳಷ್ಟು ಆಳಿದರು. ಮೊದಲು ಜೈನರಾಗಿದ್ದವರು ಆಮೇಲೆ ಶೈವರಾದರು. ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನ ಅವರ ಮನೆದೇವರು. ಹದಿನಾರನೆಯ ಶತಮಾನದ ಕೊನೆಗೆ ಸಿಂಗಪಟ್ಟಣ ಎಂಬ ಹಳೆಯ ಊರನ್ನು ಪಿರಿಯರಾಜ ಹೊಸದಾಗಿ ಕಟ್ಟಿ ತನ್ನ ಹೆಸರು ಕೊಟ್ಟ. ಐವತ್ತು ವರ್ಷ ಕಳೆಯುವುದರೊಳಗೆ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಮುತ್ತಿಗೆ ಹಾಕಿದರು. ಗೆಲ್ಲುವ ದಾರಿ ಕಾಣದ ಚಂಗಾಳ್ವ ದೊರೆ ವೀರರಾಜ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕೋಟೆಯ ಬಾಗಿಲಲ್ಲಿ ಕಾದಾಡಿ ಸತ್ತ ಎಂಬ ಕಥೆಯನ್ನು ಗೆಜೆಟಿಯರ್ ಬರೆದವರೂ ದಾಖಲಿಸಿದ್ದಾರೆ. ಚಂಗಾಳ್ವರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಜನಪದ ಗಾಯಕರ ಬಾಯಲ್ಲಿ ಅದು ‘ಪಿರಿಯಾಪಟ್ಟಣದ ಕಾಳಗ’ವಾಗಿ ಉಳಿಯಿತು.

ಸೋತವರೂ ಕಾವ್ಯ ಬಿಟ್ಟು ಹೋಗಿದ್ದಾರೆ. ಚಂಗಾಳ್ವ ಮನೆತನದ ನಂಜುಂಡ ಕವಿ 1525ರ ಸುಮಾರಿಗೆ ಕುಮಾರರಾಮನ ಸಾಂಗತ್ಯ ಬರೆದ. ಕನ್ನಡ ನಾಡಿನ ವೀರನೊಬ್ಬನನ್ನು ನಾಯಕನಾಗಿ ಇಟ್ಟುಕೊಂಡ ದೊಡ್ಡ ಕಾವ್ಯಗಳಲ್ಲಿ ಅದೊಂದು.

ಮೈಸೂರು ಮತ್ತು ಕೊಡಗಿನ ನಡುವಿನ ಗಡಿಯಲ್ಲಿ ಇದ್ದ ತಪ್ಪಿಗೆ ಪಿರಿಯಾಪಟ್ಟಣ ಮುಂದೆಯೂ ಬೆಲೆ ತೆರಬೇಕಾಯಿತು. ಹೈದರ್, ಟಿಪ್ಪುವಿನ ಕಾಲದಲ್ಲಿ ಸೈನ್ಯಗಳು ಇದೇ ದಾರಿಯಲ್ಲಿ ಹತ್ತಿ ಇಳಿದವು. 1799ರ ಮಾರ್ಚ್ 6ರಂದು, ತನ್ನ ಸಾವಿಗೆ ಎರಡು ತಿಂಗಳು ಮೊದಲು, ಟಿಪ್ಪು ಮುಂಬೈ ಕಡೆಯಿಂದ ಬಂದ ಇಂಗ್ಲಿಷ್ ಪಡೆಯ ಮೇಲೆ ಬಿದ್ದದ್ದು ಊರಿಗೆ ಹತ್ತಿರದ ಸಿದ್ದೇಶ್ವರದ ಬಳಿ. ಮುಂದಿನ ವರ್ಷ ಇಲ್ಲಿಗೆ ಬಂದವನು ಇನ್ನೊಬ್ಬ ಸ್ಕಾಟ್, ವೈದ್ಯ ಫ್ರಾನ್ಸಿಸ್ ಬುಕನನ್. ಪಾಳು ಬಿದ್ದ ಕೋಟೆಯಲ್ಲಿ ಹುಲಿಗಳು ಸಂಸಾರ ಹೂಡಿದ್ದನ್ನೂ ಹಗಲಲ್ಲೂ ಒಬ್ಬರೇ ಒಳಗೆ ಹೋಗಲು ಜನ ಅಂಜುತ್ತಿದ್ದುದನ್ನೂ ಅವನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟ.

ಬೆಟ್ಟದಪುರದ ಬೆಟ್ಟ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಬಯಲಿನ ನಡುವೆ ಒಂಟಿಯಾಗಿ ಎದ್ದು, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿ ನಿಂತಿದೆ. ತುದಿಯ ಸಿಡಿಲು ಮಲ್ಲಿಕಾರ್ಜುನನ ಗುಡಿಗೆ ಮೂರು ಸಾವಿರದಷ್ಟು ಮೆಟ್ಟಿಲು. ಸುತ್ತಲೂ ತನಗಿಂತ ಎತ್ತರದ್ದು ಇಲ್ಲದ ಕಲ್ಲುಬೆಟ್ಟಕ್ಕೆ ಸಿಡಿಲು ಹೊಡೆಯುವುದು ಪ್ರಕೃತಿಯ ಲೆಕ್ಕ. ಸಿಡಿಲೇ ಬಂದು ಪೂಜೆ ಮಾಡುತ್ತದೆ ಎಂಬುದು ಜನರ ಲೆಕ್ಕ. ದೀಪಾವಳಿಯ ಹೊತ್ತಿಗೆ ರಾತ್ರಿ ಬೆಟ್ಟ ಹತ್ತುವ ಜನರನ್ನು ನೋಡಿದರೆ ಎರಡೂ ಲೆಕ್ಕ ಜೊತೆಗೇ ನಡೆಯಬಲ್ಲವು ಅನ್ನಿಸುತ್ತದೆ. ಬೆಟ್ಟದ ಬುಡದಲ್ಲಿ ಶತಮಾನಗಳಿಂದ ನೆಲೆಸಿರುವ ಸಂಕೇತಿಗಳು ಮನೆಯಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಬೆರೆತ ನುಡಿಯಾಡುತ್ತಾರೆ.

ಇನ್ನು ಹುಣಸೂರು. ಕೊಡಗಿಗೆ ಹೋಗುವ ದಾರಿ ಇಲ್ಲಿ ಕವಲಾಗುತ್ತದೆ. ಒಂದು ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ, ಇನ್ನೊಂದು ತಿತಿಮತಿಯ ಮೇಲೆ ಗೋಣಿಕೊಪ್ಪ, ವಿರಾಜಪೇಟೆಗೆ. ಊರಿನ ಬಾಳು ಈ ಕವಲಿನ ಮೇಲೆ ನಿಂತಿದೆ. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ಆರಂಭಿಸಿದ, ಟಿಪ್ಪು ‘ಅಮೃತ ಮಹಲ್’ ಎಂದು ಹೆಸರು ಬದಲಿಸಿದ ಅರಸರ ದನಗಳ ಇಲಾಖೆ, ಮೈಸೂರು ಸೈನ್ಯದ ನಿಜವಾದ ಬಲವಾಗಿತ್ತು. ಫಿರಂಗಿ ಎಷ್ಟು ದೊಡ್ಡದಿದ್ದರೇನು, ಎಳೆಯುವ ಎತ್ತು ಇಲ್ಲದಿದ್ದರೆ ಅದು ಕಬ್ಬಿಣದ ದಿಮ್ಮಿ. 1799ರ ನಂತರ ಈ ದನಗಳು ಇಂಗ್ಲಿಷರ ಕೈಸೇರಿದವು. ಅವುಗಳ ಕೇಂದ್ರವಾಗಿದ್ದ ಊರು ಹುಣಸೂರು. ದನ ಮೇಯಲು ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಮುನೇಶ್ವರ ಕಾವಲು ಮುಂತಾದ ಹೆಸರುಗಳಲ್ಲಿ ಅವು ಇವತ್ತಿಗೂ ಉಳಿದಿವೆ.

ದನಗಳ ಹಿಂದೆಯೇ ಕೈಗಾರಿಕೆ ಬಂತು. ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಗತ್ಯಕ್ಕೆಂದು ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಡಿಪೊ ನಡೆಸಿತು. 1864ರಲ್ಲಿ ಅವು ಮುಚ್ಚಿದವು. ಕೆಲಸ ಕಲಿತವರು ಊರು ಬಿಡಲಿಲ್ಲ. ಅವರೇ ಸ್ವಂತವಾಗಿ ಚರ್ಮದ ಸಾಮಾನು ಮಾಡಿದರು, ಕಂಬಳಿ ನೇಯ್ದರು, ಗಾಡಿ ಕಟ್ಟಿದರು. ಕೊಡಗಿನ ಕಾಫಿ ಇಳಿದು ಬರುವ ದಾರಿ ಆದ್ದರಿಂದ ಕಾಫಿ ಹದಗೊಳಿಸುವ ಕೆಲಸವೂ ಸೇರಿಕೊಂಡಿತು. ಮೈಸೂರು ರಾಜ್ಯದ ಕೈಗಾರಿಕೆಯ ಇತಿಹಾಸವನ್ನು ಶಿವನಸಮುದ್ರದ ವಿದ್ಯುತ್ತಿನಿಂದ ಶುರುಮಾಡುವವರು ಹುಣಸೂರಿನ ಈ ಅಧ್ಯಾಯವನ್ನು ಬಿಟ್ಟೇ ಓದುತ್ತಾರೆ.

ಆಮೇಲೆ ಬಂದದ್ದು ಹೊಗೆಸೊಪ್ಪು. ವರ್ಜೀನಿಯಾ ತಳಿಯ ತಂಬಾಕಿಗೆ ಹುಣಸೂರು, ಪಿರಿಯಾಪಟ್ಟಣ ಸೀಮೆಯ ಹಗುರ ಕೆಂಪು ಮಣ್ಣು, ಮುಂಗಾರು ಮಳೆ ಒಗ್ಗಿತು. ಹಳ್ಳಿಗಳ ನಡುವೆ ಕಿಟಕಿಯಿಲ್ಲದ ಎತ್ತರದ ಗೋಡೆಯ ಮನೆಗಳು ಕಂಡರೆ ಅವೇ ಬ್ಯಾರನ್‌ಗಳು. ಒಳಗೆ ಎಲೆ ಪೋಣಿಸಿದ ಕಡ್ಡಿಗಳನ್ನು ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಿಂದ ಕೊಳವೆಯ ಮೂಲಕ ಬಿಸಿ ಹಾಯಿಸುತ್ತಾರೆ. ಹೊಗೆ ಎಲೆಗೆ ತಾಗಬಾರದು, ಶಾಖ ಮಾತ್ರ ತಾಗಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಆ ಬಣ್ಣ ನಿಲ್ಲಬೇಕು, ಕೊನೆಗೆ ನಡುದಂಟು ಒಣಗಬೇಕು. ಐದಾರು ದಿನ ಮನೆಮಂದಿ ಹಗಲು ರಾತ್ರಿ ಪಾಳಿಯಲ್ಲಿ ಕಾಯುತ್ತಾರೆ. ಇದು ಈ ನೆಲದ ಕೈಕಸುಬೇ ಸರಿ. ಆದರೆ ಸೌದೆಗಾಗಿ ಕಡಿದ ಮರ, ಹರಾಜುಕಟ್ಟೆಯಲ್ಲಿ ಏರಿಳಿಯುವ ಬೆಲೆ, ತಂಬಾಕು ಕಡಿಮೆ ಮಾಡಬೇಕೆಂಬ ಜಗತ್ತಿನ ಒತ್ತಡ ಎಲ್ಲವೂ ಜೊತೆಗಿವೆ. ಬೇರೆ ದಾರಿ ಹುಡುಕಬೇಕಾದ ದಿನ ದೂರವಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯೊಂದೇ ಒಂದು ದಿನದ ಪ್ರವಾಸಕ್ಕೆ ಸಾಕು. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ಇಲ್ಲಿನ ಪ್ರಭು. ಜೈನ ಕಾವ್ಯಗಳನ್ನು ಬರೆದವನು ಜೊತೆಗೆ ‘ಸೂಪಶಾಸ್ತ್ರ’ ಎಂಬ ಅಡುಗೆಯ ಪುಸ್ತಕವನ್ನೂ ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿಂಡಿ, ಪಾನಕ, ಅನ್ನ, ಕಾಯಿಪಲ್ಲೆ ಎಲ್ಲಕ್ಕೂ ಛಂದಸ್ಸಿನಲ್ಲಿ ಪಾಕವಿಧಾನ. ಅದೇ ಕಲ್ಲಹಳ್ಳಿಯಲ್ಲಿ 1915ರ ಆಗಸ್ಟ್ 20ರಂದು ಹುಟ್ಟಿದವರು ಡಿ. ದೇವರಾಜ ಅರಸು. 1972ರಲ್ಲಿ ಮುಖ್ಯಮಂತ್ರಿಯಾದ ಅರಸು ಅವರ ಕಾಲದಲ್ಲೇ 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಹಿಂದುಳಿದ ವರ್ಗಗಳ ಹಾವನೂರು ಆಯೋಗ, 1974ರ ಭೂಸುಧಾರಣೆ ಎರಡೂ ಕರ್ನಾಟಕದ ಹಳ್ಳಿಯ ಮುಖವನ್ನೇ ಬದಲಿಸಿದವು. ನಾನೂರು ವರ್ಷದ ಅಂತರದಲ್ಲಿ ಒಂದೇ ಹಳ್ಳಿ ಅನ್ನದ ಬಗ್ಗೆ ಬರೆದವನನ್ನೂ ಅನ್ನ ಬೆಳೆಯುವ ಗೇಣಿದಾರನಿಗೆ ಭೂಮಿ ಕೊಡಿಸಿದವರನ್ನೂ ನೀಡಿತು. ಇದೇ ತಾಲ್ಲೂಕಿನ ಬಿಳಿಕೆರೆ ಹೋಬಳಿಯ ಗೊಮ್ಮಟಗಿರಿಯಲ್ಲಿ ಬಂಡೆಯ ಮೇಲೊಬ್ಬ ಬಾಹುಬಲಿ ನಿಂತಿದ್ದಾನೆ. ಶ್ರವಣಬೆಳಗೊಳದವನಷ್ಟು ಎತ್ತರವಿಲ್ಲ, ಆ ನೂಕುನುಗ್ಗಲೂ ಇಲ್ಲ.

ಎಚ್.ಡಿ. ಕೋಟೆಯದು ಎಲ್ಲಕ್ಕಿಂತ ಹಳೆಯ ಹೆಸರು, ಎಲ್ಲಕ್ಕಿಂತ ಹೊಸ ಗಾಯ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ವೈಡೂರ್ಯ ಸಿಗುವ ನಾಡೆಂದು ಹೇಳಿದ ಪುನ್ನಾಟ ಇದೇ ಸೀಮೆ. ಅದರ ರಾಜಧಾನಿ ಕೀರ್ತಿಪುರ ಎಂದರೆ ಕಬಿನಿ ದಂಡೆಯ ಕಿತ್ತೂರು. ಪುನ್ನಾಟದ ರಾಜಕುಮಾರಿ ಗಂಗರ ಮನೆಗೆ ಸೊಸೆಯಾಗಿ ಹೋದಳು. ಅವಳ ಮಗ ದುರ್ವಿನೀತನನ್ನು ಕವಿರಾಜಮಾರ್ಗ ಕನ್ನಡದ ಗದ್ಯಕಾರರ ಸಾಲಿನಲ್ಲಿ ಹೆಸರಿಸುತ್ತದೆ. ಆ ಹಳೆಯ ಕಿತ್ತೂರು ಈಗ ನೀರಿನಡಿ ಇದೆ. ಬೀಚನಹಳ್ಳಿಯ ಬಳಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು 19.52 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಆ ನೀರು ನಿಂತಲ್ಲೆಲ್ಲ ಮೊದಲು ಊರು, ಹೊಲ, ಗುಡಿ, ಕಾಡು ಇದ್ದವು.

ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಕಾಡಿನ ಭಾಗವನ್ನೂ ಹಿನ್ನೀರು ನುಂಗಿತು. ಆನೆಗಳನ್ನು ಹೊಳೆಗೆ ಇಳಿಸಿ, ಬಲಿಷ್ಠ ಬೇಲಿಯೊಳಗೆ ಅಟ್ಟಿ ಹಿಡಿಯುವ ಈ ಕಾರ್ಯಾಚರಣೆಯನ್ನು ನೋಡಲು ವೈಸರಾಯರು, ರಾಜಕುಮಾರರು ಬರುತ್ತಿದ್ದರು. ಕಾಡಿನ ಜಾಡು ಬಲ್ಲ ಜೇನುಕುರುಬರಿಲ್ಲದೆ ಅದು ನಡೆಯುತ್ತಿರಲಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1968ರಲ್ಲಿ, ಇಲ್ಲಿ ಸೆರೆಸಿಕ್ಕ ಮರಿಯೊಂದು ಮುಂದೆ ಅರ್ಜುನನಾಗಿ, ಬಳ್ಳೆ ಶಿಬಿರದಲ್ಲಿ ಬೆಳೆದು, 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತಿತು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಾಡಿನಲ್ಲಿ ಸಲಗದೊಂದಿಗಿನ ಕಾದಾಟದಲ್ಲಿ ಅದು ಸತ್ತಾಗ ನಾಡೇ ಮರುಗಿತು. ಮಾಸ್ತಿಯವರ ‘ಕಾಕನಕೋಟೆ’ ನಾಟಕವೂ ಸಿ.ಆರ್. ಸಿಂಹ ನಿರ್ದೇಶಿಸಿದ ಅದರ ಚಲನಚಿತ್ರವೂ ಈ ಕಾಡಿನ ಜನರನ್ನು ಕನ್ನಡದ ಮನಸ್ಸಿನಲ್ಲಿ ನೆಲೆಗೊಳಿಸಿದವು.

ಆ ಜನ ನಾಟಕದಲ್ಲಿ ನೆಲೆನಿಂತಷ್ಟು ನೆಲದಲ್ಲಿ ನಿಲ್ಲಲಿಲ್ಲ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, ಎಂಬತ್ತರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜೇನುಕುರುಬ, ಬೆಟ್ಟಕುರುಬ ಹಾಡಿಗಳು ಕಾಡಿನಿಂದ ಅಂಚಿಗೆ ಬಂದವು. ಕಬಿನಿಯಲ್ಲಿ ಕರಿಚಿರತೆಯ ಫೋಟೊಗಾಗಿ ಒಂದು ರಾತ್ರಿಗೆ ಸಾವಿರಾರು ರೂಪಾಯಿ ತೆರುವವರು ತಂಗುವ ಜಾಗದಿಂದ ಹಾಡಿ ಬಹಳ ದೂರವಿರುವುದಿಲ್ಲ. ಪ್ರವಾಸೋದ್ಯಮ ಬಂದರೆ ಊರು ಉದ್ಧಾರವಾಗುತ್ತದೆ ಎನ್ನುವವರು ಮೊದಲು ಇಲ್ಲಿಗೆ ಬಂದು, ಆ ಹಣದಲ್ಲಿ ಎಷ್ಟು ತಾಲ್ಲೂಕಿನಲ್ಲಿ ಉಳಿಯುತ್ತದೆ ಎಂದು ಕೇಳಿಕೊಳ್ಳಬೇಕು. ರೆಸಾರ್ಟಿನ ಗೋಡೆಯೊಳಗೆ ಇಳಿದು ಅಲ್ಲಿಂದಲೇ ಹಿಂತಿರುಗುವವರನ್ನು ಎಚ್.ಡಿ. ಕೋಟೆಗೆ ಬಂದವರೆಂದು ಲೆಕ್ಕಹಾಕುವುದು ಸುಳ್ಳು ಲೆಕ್ಕ.

ಇದಕ್ಕೆ ಎದುರಾಗಿ ಬೈಲುಕುಪ್ಪೆಯನ್ನು ಇಟ್ಟು ನೋಡಬಹುದು. ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು ಮೂರು ಸಾವಿರ ಎಕರೆ ಕಾಡಿನಲ್ಲಿ ಟಿಬೆಟಿನ ನಿರಾಶ್ರಿತರು 1960ರ ಆಸುಪಾಸಿನಲ್ಲಿ ಬಂದು ನೆಲೆಸಿದರು. ಕಾಡಾನೆ, ಸೆಖೆ, ಗೊತ್ತಿಲ್ಲದ ಬೆಳೆ ಎಲ್ಲವನ್ನೂ ಎದುರಿಸಿ ಮುಸುಕಿನ ಜೋಳ ಬೆಳೆದರು. 1963ರಲ್ಲಿ ಪೆನೊರ್ ರಿಂಪೊಚೆ ಬಿದಿರಿನ ಗುಡಿಸಿಲಿನಲ್ಲಿ ಆರಂಭಿಸಿದ ನಾಮ್‌ಡ್ರೋಲಿಂಗ್ ವಿಹಾರ ಇವತ್ತು ಸಾವಿರಾರು ಭಿಕ್ಷುಗಳ ಮನೆ. ಅರವತ್ತು ಅಡಿಯ ಬುದ್ಧನ ಮೂರ್ತಿ ಇರುವ ಚಿನ್ನದ ದೇಗುಲ ಉದ್ಘಾಟನೆಯಾದದ್ದು 1999ರಲ್ಲಿ. ಸುತ್ತಲಿನ ಹನಸೋಗೆ, ಬೆಟ್ಟದಪುರಗಳ ಮುಂದೆ ಅದು ನಿನ್ನೆಯ ಕಟ್ಟಡ. ಆದರೂ ಜನ ಬರುವುದು ಅಲ್ಲಿಗೆ. ಚಿನ್ನದ ಹೊಳಪೊಂದೇ ಕಾರಣವಲ್ಲ. ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದಿರುತ್ತದೆ, ಅಂಗಳ ಗುಡಿಸಿರುತ್ತದೆ, ಮೂರ್ತಿ ಯಾರದ್ದೆಂದು ಬರೆದಿರುತ್ತದೆ, ಬೇರೆ ಧರ್ಮದವರನ್ನೂ ಒಳಗೆ ಬಿಡುತ್ತಾರೆ, ಹೊರಗೆ ತಿನ್ನಲು ಬಿಸಿ ಮೊಮೊ ಸಿಗುತ್ತದೆ. ಸ್ಟಾರ್ನೊವೇ ಆರು ಚದುರಂಗದ ಕಾಯಿಗಳಿಂದ ಮಾಡಿದ್ದೂ ಇದನ್ನೇ. ಊರಿನ ಆಕರ್ಷಣೆ ಅದರ ವಯಸ್ಸಿನಿಂದ ಬರುವುದಿಲ್ಲ, ಇರುವುದನ್ನು ಜೋಪಾನ ಮಾಡಿ ಬಂದವರಿಗೆ ಹೇಳುವ ಅಭ್ಯಾಸದಿಂದ ಬರುತ್ತದೆ ಎಂಬುದಕ್ಕೆ ನಮ್ಮ ತಾಲ್ಲೂಕುಗಳೊಳಗೇ ಪುರಾವೆ ಇದೆ.

ಹಾಗಾದರೆ ಆಗಬೇಕಾದ್ದು ಕೋಟಿಗಳ ಯೋಜನೆಯಲ್ಲ. ಬಸದಿಯ ಬೀಗದ ಕೈ ಯಾರ ಬಳಿ ಇದೆ ಎಂದು ಬಾಗಿಲಲ್ಲಿ ಬರೆದ ಫೋನ್ ನಂಬರು. ಚುಂಚನಕಟ್ಟೆಯಲ್ಲಿ ಕಟ್ಟೆ ಮತ್ತು ನಾಲೆ ಕೆಲಸ ಮಾಡುವ ಬಗೆಯನ್ನು ಚಿತ್ರದಲ್ಲಿ ತೋರಿಸುವ ಒಂದು ಫಲಕ. ಪಿರಿಯಾಪಟ್ಟಣದ ಕೋಟೆ ಎಲ್ಲಿಂದ ಎಲ್ಲಿಯವರೆಗಿತ್ತು ಎಂಬ ಗುರುತು. ಹುಣಸೂರಿನ ಯಾವುದಾದರೂ ಹಳೆಯ ಸರ್ಕಾರಿ ಕಟ್ಟಡದಲ್ಲಿ ಎರಡು ಕೋಣೆ, ಅದರಲ್ಲಿ ಗಾಡಿಯ ಗಾಲಿ, ಕಂಬಳಿ ಮಗ್ಗ, ಅಮೃತ ಮಹಲಿನ ನಕ್ಷೆ, ಬ್ಯಾರನ್ನಿನ ಮಾದರಿ, ಮಂಗರಸನ ಪಾಕಗಳ ಪಟ್ಟಿ. ಎಚ್.ಡಿ. ಕೋಟೆಯಲ್ಲಿ ಕಾಡಿನ ಕಥೆಯನ್ನು ಜೇನುಕುರುಬರೇ ಹೇಳುವ, ಸಂಬಳ ಅವರಿಗೇ ಸೇರುವ ಒಂದು ವ್ಯವಸ್ಥೆ. ಲಕ್ಷ್ಮಣತೀರ್ಥಕ್ಕೆ ಸೇರುವ ಚರಂಡಿಯನ್ನು ತಡೆಯುವುದು ಇವೆಲ್ಲಕ್ಕಿಂತ ಮೊದಲಿನ ಕೆಲಸ. ಮೂಗು ಮುಚ್ಚಿಕೊಂಡು ಯಾರೂ ಪರಂಪರೆ ನೋಡುವುದಿಲ್ಲ. ನಗರಸಭೆ, ಪುರಸಭೆ, ತಾಲ್ಲೂಕು ಕನ್ನಡ ಸಾಹಿತ್ಯ ಪರಿಷತ್ತು, ಊರಿನ ಇತಿಹಾಸದ ಮೇಷ್ಟರು ಇಷ್ಟು ಜನ ಒಂದು ಮೇಜಿನ ಸುತ್ತ ಕೂತರೆ ಇದರಲ್ಲಿ ಅರ್ಧ ಮುಗಿಯುತ್ತದೆ.

ಹೊರಗಿನವರನ್ನು ಕರೆಯುವ ಮೊದಲು ಮನೆಯ ಮಕ್ಕಳಿಗೆ ತೋರಿಸುವುದು ವಾಸಿ. ಪ್ರತಿ ಡಿಸೆಂಬರಿನಲ್ಲಿ ಈ ತಾಲ್ಲೂಕುಗಳ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಹಂಪಿಗೆ, ಬೇಲೂರಿಗೆ, ಮುರುಡೇಶ್ವರಕ್ಕೆ ಹೊರಡುತ್ತವೆ. ಹೋಗಲಿ, ಅವೂ ನೋಡಬೇಕಾದವೇ. ಅದರ ಹಿಂದಿನ ವರ್ಷ, ಒಂದು ಶನಿವಾರ, ಬುತ್ತಿ ಕಟ್ಟಿಸಿಕೊಂಡು ಎಡತೊರೆ, ಚುಂಚನಕಟ್ಟೆ, ಹನಸೋಗೆ, ಬೆಟ್ಟದಪುರ, ಪಿರಿಯಾಪಟ್ಟಣ, ಕಲ್ಲಹಳ್ಳಿ ಸುತ್ತಿ ಬರಲಿ. ಮುಂದೆ ಯಾವ ಕಾರಾದರೂ ಹುಣಸೂರಿನಲ್ಲಿ ನಿಲ್ಲಿಸಿ ‘ಇಲ್ಲಿ ನೋಡೋಕೆ ಏನಿದೆ?’ ಎಂದು ಕೇಳಿದರೆ, ಉತ್ತರ ಕೊಡಲು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸಾಕಾಗುತ್ತಾಳೆ.